ಒಂದೊಂದೇ ವರ್ಷದ ಅನುಮತಿ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಹುಟ್ಟಿದ್ದು ಮೈಸೂರಿನಲ್ಲಿ. ಓದಿದ್ದು ಇಲ್ಲೇ, ಮದುವೆಯಾದದ್ದು ಇಲ್ಲೇ, ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡದ್ದೂ ಇಲ್ಲೇ. ಆದರೆ ಅರವತ್ತೇಳರ ವಯಸ್ಸಿನಲ್ಲಿ ಅದೇ ಊರಿಗೆ ವಾಪಸು ಬಂದು ನೆಲೆಸಲು ಅವರು ಪೊಲೀಸ್ ಕಚೇರಿಗೆ ಹೋಗಿ, ತಾನು ವಿದೇಶಿಯೆಂದು ಹೆಸರು ಬರೆಸಿ, ಇಲ್ಲಿರಲು ವರ್ಷಕ್ಕೊಮ್ಮೆ ಅನುಮತಿ ಕೇಳಬೇಕಾಯಿತು. ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ಕಾನೂನಿನ ಮೇಲಲ್ಲ. ಉರಿ ನನ್ನ ಮೇಲೆಯೇ. ಯಾಕೆಂದು ಹೇಳುತ್ತೇನೆ.

ಗಂಡ ಸತ್ತ ಮೇಲೆ ತಾತ ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ. ನೆಂಟರ ಬಾಯಿಗೆ ಬೀಳುತ್ತೇನೆಂದು ಗೊತ್ತಿದ್ದೂ ನರ್ಸಿಂಗ್ ಓದಿಸಿದರು. ಅತ್ತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಅಲ್ಲಿನ ಒಂದು ಚಳಿಯ ಊರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದರು. ನಡುವೆ ಯಾವಾಗಲೋ, ಓಡಾಟಕ್ಕೂ ಪಿಂಚಣಿಗೂ ಅನುಕೂಲವೆಂದು, ಆ ದೇಶದ ಪಾಸ್‌ಪೋರ್ಟ್ ತೆಗೆದುಕೊಂಡರು. "ಒಂದು ಪುಸ್ತಕ ಕೊಟ್ಟು ಇನ್ನೊಂದು ಪುಸ್ತಕ ಇಸ್ಕೊಂಡೆ ಅಂತಲೇ ಅಂದ್ಕೊಂಡಿದ್ದೆ ಕಣೇ. ಊರನ್ನೇ ಕೊಟ್ಟುಬುಟ್ಟೆ ಅಂತ ಯಾರಿಗೆ ಗೊತ್ತಿತ್ತು?" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಅವರನ್ನು ವಾಪಸು ಕರೆದದ್ದು ಅಪ್ಪ. ಅಪ್ಪನಿಗೆ ಸಂತೇಪೇಟೆಯಲ್ಲಿ ಕೊಬ್ಬರಿ ವ್ಯಾಪಾರ. ಶ್ರೀರಾಂಪುರದಲ್ಲಿ ಹೊಸದಾಗಿ ಬಡಾವಣೆಯಾದಾಗ ಒಂದು ಮನೆ ಕಟ್ಟಿಸಿ, ಗೃಹಪ್ರವೇಶದ ಕಾಗದದ ಜೊತೆಗೇ ಅಕ್ಕನಿಗೆ ಬರೆದಿದ್ದರು: ಬಂದುಬಿಡು, ಒಂದು ರೂಮು ನಿನಗೇ ಎಂದು. ಅತ್ತೆ ಬಂದೇಬಿಟ್ಟರು. ತೊಂಬತ್ತರ ದಶಕದ ನಡುಭಾಗ ಅದು. ಅಲ್ಲಿನ ಸರ್ಕಾರದ ಬಾಡಿಗೆ ಮನೆಯ ಬೀಗದ ಕೈಯನ್ನು ಒಪ್ಪಿಸಿ ಬಂದಿದ್ದರು. ಮತ್ತೆ ಬೇಕೆಂದರೆ ಅದು ಸಿಗುವಂತಿರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಆ ಮಣ್ಣು ಇಲ್ಲಿಯದಾಗಬೇಕು, ಅಷ್ಟೇ.

ಅಮ್ಮನಿಗೂ ಅತ್ತೆಗೂ ಎಣ್ಣೆ ಸೀಗೇಕಾಯಿ. ಅತ್ತೆ ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯುವರು. ಅಡುಗೆಮನೆಯ ಮಸಿಬಟ್ಟೆಯನ್ನು ದಿನಾ ಕುದಿಸಬೇಕೆನ್ನುವರು. ಕಾಫಿಗೆ ಇಷ್ಟು ಸಕ್ಕರೆ ಹಾಕಿದರೆ ಏನಾಗುತ್ತದೆಂದು ಲೋಟ ಕೈಯಲ್ಲಿ ಹಿಡಿದುಕೊಂಡೇ ವಿವರಿಸುವರು. ಇದನ್ನೆಲ್ಲ ಅಮ್ಮ ಹೇಗೋ ನುಂಗಿಕೊಳ್ಳುತ್ತಿದ್ದಳು. ಅವಳಿಗೆ ತಡೆಯಲಾಗದೆ ಇದ್ದದ್ದು ಒಂದೇ. ತಟ್ಟೆ ಇಟ್ಟರೆ ಥ್ಯಾಂಕ್ಸ್, ನೀರು ಕೊಟ್ಟರೆ ಥ್ಯಾಂಕ್ಸ್, ಒಗೆದ ಸೀರೆ ಮಡಿಸಿಟ್ಟರೆ ಥ್ಯಾಂಕ್ಸ್. "ಮನೆಯೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ? ನಾನೇನು ಹೋಟ್ಲು ಇಟ್ಟಿದೀನಾ?" ಎಂದು ಒಳಗೆ ಬಂದು ನನ್ನ ಮೇಲೆ ಹಾರಾಡುತ್ತಿದ್ದಳು. ನಡುವೆ ಅಪ್ಪ ಇರುವ ತನಕ ಎಲ್ಲವೂ ನಡೆಯಿತು.

ಎರಡು ವರ್ಷವಾಗುವಷ್ಟರಲ್ಲಿ ಅಪ್ಪ ಹೋದರು. ಅಂಗಡಿಯಲ್ಲಿ ಕೂತಿದ್ದ ಹಾಗೆಯೇ, ಎದೆನೋವು ಎಂದವರು ಆಸ್ಪತ್ರೆಯನ್ನೂ ಮುಟ್ಟಲಿಲ್ಲ. ಹನ್ನೊಂದನೆಯ ದಿನದ ಗಣಾರಾಧನೆ ಮುಗಿದು ನೆಂಟರು ಚದುರಿದ ಮೇಲೆ ಮನೆಯಲ್ಲಿ ಉಳಿದವರು ಮೂವರು ಹೆಂಗಸರು. ಅಮ್ಮ, ಅತ್ತೆ, ಮತ್ತು ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ, ಇಪ್ಪತ್ತಾರು ತುಂಬಿದರೂ ಮದುವೆಯಾಗದ ನಾನು.

ಆ ವರ್ಷ ಅತ್ತೆಯ ಅನುಮತಿ ಮುಗಿಯಲು ಎರಡು ತಿಂಗಳಿರುವಾಗ ನಾನೇ ಅವರನ್ನು ವಿದೇಶಿಯರ ಹೆಸರು ಬರೆದುಕೊಳ್ಳುವ ಕಚೇರಿಗೆ ಕರೆದುಕೊಂಡು ಹೋದೆ. ಅರ್ಜಿಯಲ್ಲಿ ಅಲ್ಲಿಯತನಕ ಜವಾಬ್ದಾರರೆಂದು ಅಪ್ಪನ ಹೆಸರಿತ್ತು. ಈಗ ಮನೆ ಯಾರ ಹೆಸರಿನಲ್ಲಿದೆಯೋ ಅವರನ್ನೇ ಹಾಕಿ ಎಂದರು. ಅಮ್ಮನ ಹೆಸರು ಹಾಕಿದೆವು. ಅಲ್ಲಿನ ಗುಮಾಸ್ತರು ಒಳ್ಳೆಯವರು. ಒಂದಲ್ಲ ಎರಡು ಸಲ ನನಗೆ ಹೇಳಿದರು. "ವಿಳಾಸ ವಿಚಾರಿಸಕ್ಕೆ ಮನೆಗೆ ಒಬ್ರು ಕಾನ್‌ಸ್ಟೇಬಲ್ ಬರ್ತಾರೆ ಕಣಮ್ಮ. ಮನೇಲಿರೋರಿಗೆ ಮೊದ್ಲೇ ಹೇಳಿಡಿ." ನಾನು ಆಯಿತು ಎಂದು ತಲೆಯಾಡಿಸಿದೆ.

ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಆ ವಾರ ನಾನೂ ಅಮ್ಮನೂ ಮಾತು ಬಿಟ್ಟಿದ್ದೆವು. ನನ್ನನ್ನು ನೋಡಲು ಬಂದಿದ್ದ ಗಂಡಿನ ಮುಂದೆ ನಾನು ಮೂತಿ ತಿರುವಿದೆನೆಂದು ಅವಳಿಗೆ ಕೋಪ. ಕೇಳದೆ ಕರೆಸಿದ್ದಳೆಂದು ನನಗೆ. ಪೊಲೀಸರ ವಿಷಯ ಎತ್ತಿದರೆ ಇನ್ನೊಂದು ರಾಮಾಯಣ ಶುರುವಾಗುತ್ತದೆ, ಬಂದಾಗ ನೋಡಿಕೊಂಡರಾಯಿತು ಎಂದುಕೊಂಡೆ. ಅತ್ತೆಯಾದರೋ ನಾನು ಹೇಳಿರುತ್ತೇನೆಂದು ನಂಬಿದ್ದರು.

ಇಲ್ಲಿ ಅಮ್ಮನ ತವರಿನ ಒಂದು ಪಾಠದ ಬಗ್ಗೆ ಹೇಳಬೇಕು. ನಂಜನಗೂಡಿನ ಕಡೆಯ ಹಳ್ಳಿ ಅದು. ಅಮ್ಮ ಚಿಕ್ಕವಳಾಗಿದ್ದಾಗ ಬದುವಿನ ಜಗಳವೊಂದರಲ್ಲಿ ಪೊಲೀಸರು ಮನೆಗೆ ಬಂದು, ಅವಳ ಚಿಕ್ಕಪ್ಪ ಇದ್ದಾರೆಯೇ ಎಂದು ಕೇಳಿದರಂತೆ. ಯಾರೋ ಮಗು "ಹೂಂ, ಹಿತ್ತಲಲ್ಲಿದಾರೆ" ಎಂದಿತಂತೆ. ಚಿಕ್ಕಪ್ಪ ಮೂರು ತಿಂಗಳು ಮನೆಗೆ ಬರಲಿಲ್ಲ. ಅಂದಿನಿಂದ ಆ ಮನೆಯ ಮಕ್ಕಳಿಗೆಲ್ಲ ಕಲಿಸಿದ್ದು ಇಷ್ಟು: ಪೊಲೀಸರು ಯಾರ ಹೆಸರು ಕೇಳಿದರೂ ಮೊದಲು ಇಲ್ಲ ಅನ್ನು, ಆಮೇಲೆ ಯಾಕೆ ಅಂತ ಕೇಳು. ಅಮ್ಮ ಅದನ್ನು ಮಗ್ಗಿಯ ಹಾಗೆ ಕಲಿತಿದ್ದಳು.

ಕಾನ್‌ಸ್ಟೇಬಲ್ ಬಂದದ್ದು ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ. ನಾನು ಆಫೀಸಿನಲ್ಲಿದ್ದೆ. ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದವಳು ಹಾಗೆಯೇ ಎದ್ದು ಬಾಗಿಲಿಗೆ ಬಂದಳು. ಆಚೆ ಕಾಂಪೌಂಡಿನ ಹತ್ತಿರ ಪಕ್ಕದ ಮನೆಯಾಕೆ ಪೊರಕೆ ಹಿಡಿದು ನಿಂತಿದ್ದರು. ನಡೆದದ್ದನ್ನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ, ಒಂದಕ್ಕೊಂದು ಹೊಂದುತ್ತದೆ.

"ಅಮ್ಮಾವ್ರೇ, ಈ ಎಸ್ರಿನೋರು ಫಾರಿನ್ ಎಂಗಸ್ರು ನಿಮ್ಮನೇಲಿ ಅವ್ರಾ?" ಎಂದು ಕಾನ್‌ಸ್ಟೇಬಲ್ ಕಾಗದ ನೋಡಿ ಹೆಸರು ಓದಿದರು.

"ಅಂಥೋರು ಯಾರೂ ಇಲ್ಲಪ್ಪ ಇಲ್ಲಿ," ಎಂದಳು ಅಮ್ಮ.

"ಅರ್ಜೀಲಿ ಇದೇ ಅಡ್ರೆಸ್ ಐತಲ್ಲ?"

"ಇಲ್ಲ ಅಂದೆನಲ್ಲ. ನಾನು ನನ್ನ ಮಗಳು, ಇಬ್ರೇ ಇರೋದು."

ಪಾಠದ ಎರಡನೆಯ ಭಾಗ, ಯಾಕೆ ಎಂದು ಕೇಳುವುದು, ಅದನ್ನು ಅಮ್ಮ ಕೇಳಲೇ ಇಲ್ಲ. ಹಾಗಾದರೆ ಇಲ್ಲಿ ರುಜು ಹಾಕಿ ಎಂದು ಅವರು ಕಾಗದ ಚಾಚಿದರು. ಪಕ್ಕದ ಮನೆಯಾಕೆ ನೋಡುತ್ತಿದ್ದಾರೆ, ಪೊಲೀಸಿನವರು ಬೇಗ ಗೇಟು ದಾಟಿದರೆ ಸಾಕು. ಅಮ್ಮ ಕಾಯಿತುರಿ ಅಂಟಿದ ಕೈಯಲ್ಲೇ ರುಜು ಹಾಕಿದಳು. ನಮ್ಮ ಯಾರಿಗೂ ಹೇಳಲಿಲ್ಲ. ನಾನು ಅವಳ ಹತ್ತಿರ ಮಾತಾಡುತ್ತಿರಲಿಲ್ಲವಲ್ಲ.

ಅನುಮತಿ ಮುಗಿಯಲು ಹನ್ನೆರಡು ದಿನ ಉಳಿದಿದ್ದಾಗ ಅತ್ತೆಯ ಹೆಸರಿಗೆ ರಿಜಿಸ್ಟರ್ ಪತ್ರ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಹಾಲಿನಲ್ಲಿ ಕೂತು ಓದಿದರು. ಮೊದಲು ತಮಗೆ, ಆಮೇಲೆ ನಮಗೆ. ಕೊಟ್ಟ ವಿಳಾಸದಲ್ಲಿ ಇಂಥವರು ವಾಸವಿಲ್ಲವೆಂದು ಮನೆಯ ಒಡತಿಯೇ ಬರೆದುಕೊಟ್ಟಿದ್ದಾರೆ. ಆದ್ದರಿಂದ ಅನುಮತಿಯನ್ನು ಮುಂದುವರಿಸಲು ಬರುವುದಿಲ್ಲ. ಏಳು ದಿನದೊಳಗೆ ಬಂದು ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಅವಧಿ ಮುಗಿಯುವ ಮೊದಲು ದೇಶ ಬಿಡಬೇಕು.

ಅತ್ತೆ ಕಾಗದವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ನಾನಿಲ್ಲಿ ಇಲ್ಲ ಅಂತ ಹೇಳಿದೆಯಾಮ್ಮ?" ಎಂದು ಅಮ್ಮನನ್ನು ಕೇಳಿದರು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಹೇಳ್ದೆ," ಎಂದಳು ಅಮ್ಮ. ಅಷ್ಟೇ. ಎದ್ದು ಒಳಗೆ ಹೋದಳು.

ನಾನು ಅಡುಗೆಮನೆಗೆ ನುಗ್ಗಿ ಬಾಯಿಗೆ ಬಂದದ್ದು ಬೈದೆ. ಒಬ್ಬ ಮುದುಕಿಯನ್ನು ಮನೆಯಿಂದ ಓಡಿಸಲು ಪೊಲೀಸರೇ ಬೇಕಾಗಿತ್ತೇ ಎಂದೆ. ಅಪ್ಪ ಇದ್ದಿದ್ದರೆ ಎಂದೆ. ಆ ಮಾತನ್ನು ಆಡಬಾರದಿತ್ತು. ಅಮ್ಮ ತಿರುಗಿ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಬರ್ತಾರೆ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ನನಗೆ ಯಾಕೇ ಹೇಳ್ಲಿಲ್ಲ?"

ಗಂಡಿನ ಮನೆಯವರ ಮುಂದೆ ಮೂತಿ ತಿರುವಿದ್ದಕ್ಕೂ ಅತ್ತೆ ದೇಶ ಬಿಡುವುದಕ್ಕೂ ನಡುವೆ ಇದ್ದದ್ದು ನನ್ನ ಹಟವೊಂದೇ. ಹಾಲಿಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ತಪ್ಪು ನನ್ನದು, ಅಮ್ಮನಿಗೆ ಗೊತ್ತಿರಲಿಲ್ಲ, ಪೊಲೀಸರೆಂದರೆ ಅವಳಿಗೆ ಹೆದರಿಕೆ ಎಂದೆ. ಅತ್ತೆ ಕೇಳಿಸಿಕೊಂಡರು. "ಹೆದರಿಕೆಗೆ ಹೇಳಿದ್ದಾದ್ರೆ ಅವಳು ಈಗ ಬಂದು ಹಾಗಂತಿದ್ದಳಲ್ಲ ಮಗು. ಒಳಗೆ ಹೋಗಿ ಕೂತಿದಾಳೆ," ಎಂದರು.

ಮರುದಿನ ಅಟ್ಟದ ಮೇಲಿದ್ದ ಕಂದು ಸೂಟ್‌ಕೇಸು ಕೆಳಗಿಳಿಯಿತು. ಅತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರು. ಹಳೆಯ ಸ್ನೇಹಿತೆಯೊಬ್ಬರಿಗೆ, ಒಂದು ಕೋಣೆ ಸಿಗುವವರೆಗೆ ಇರಬಹುದೇ ಎಂದು ಕೇಳಿ ಪತ್ರ ಬರೆದರು. ನಾನು ಕಚೇರಿಗೆ ಹೋಗೋಣ ಬನ್ನಿ, ಸಮಜಾಯಿಷಿ ಕೊಡೋಣ ಎಂದು ಅಂಗಲಾಚಿದೆ. "ಏನಂತ ಕೊಡಲಿ? ಮನೆಯವಳು ಇಲ್ಲ ಅಂದಿದಾಳೆ, ನಾನು ಇದೀನಿ ಅನ್ನಲಾ? ಎಪ್ಪತ್ತಾದರೂ ಎಲ್ಲಿಗಾದ್ರೂ ಹೋಗಿ ಬದುಕಬಲ್ಲೆ ಕಣೇ. ಬೇಡ ಅಂದ ಮನೇಲಿ ಮಾತ್ರ ಇರಲಾರೆ," ಎಂದರು. ಆಮೇಲೆ, "ಅಲ್ಲಿ ನಮ್ಮೋರ ಹಾಗೆ ಕೂರಿಸಲ್ಲ. ಪೆಟ್ಟಿಗೇಲಿ ಮಲಗಿಸ್ತಾರೆ," ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆ ದಿನಗಳಲ್ಲಿ ಮನೆಯಲ್ಲಿ ಉಸಿರಾಡಲೂ ಭಯವಾಗುತ್ತಿತ್ತು. ಊಟದ ಹೊತ್ತಿಗೆ ಅಮ್ಮ ತಟ್ಟೆ ಇಡುವಳು, ಅತ್ತೆ ಥ್ಯಾಂಕ್ಸ್ ಎನ್ನುವರು, ಅಮ್ಮನ ಕೈ ಒಂದು ಗಳಿಗೆ ನಿಂತು ಮುಂದೆ ಹೋಗುವುದು. ನಾನು ಕ್ಯಾಲೆಂಡರು ನೋಡುವೆ. ಏಳು ಆರಾಯಿತು, ಆರು ಐದಾಯಿತು. ಎರಡು ಸಲ ಆಫೀಸಿನಿಂದ ರಜೆ ಹಾಕಿ ಬಂದು, ಇಬ್ಬರನ್ನೂ ಒಂದು ಕಡೆ ಕೂರಿಸಲು ನೋಡಿದೆ. ಒಬ್ಬರು ಹಿತ್ತಲಿಗೆ ಹೋದರೆ ಇನ್ನೊಬ್ಬರು ಅಂಗಳಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ, ನಡುವೆ ಸಿಕ್ಕಿಕೊಂಡವಳು ನಾನು.

ಸಮಜಾಯಿಷಿ ಕೊಡಲು ಇನ್ನು ಎರಡು ದಿನ ಉಳಿದಿದೆ ಎನ್ನುವಾಗ, ಬೆಳಗ್ಗೆ, ಅಮ್ಮ ಲಿಂಗಪೂಜೆ ಮುಗಿಸಿ ಎದ್ದಳು. ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು. ನಾನು ಒಲೆಯ ಮುಂದೆ ಹಾಲು ಉಕ್ಕದ ಹಾಗೆ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತು, ನನ್ನ ಮುಖ ನೋಡದೆ ಹೇಳಿದಳು.

"ನಿಜ ಹೇಳ್ಲಾ? ಇಲ್ಲ ಅಂದಾಗ ಒಂದು ಗಳಿಗೆ ಮೈ ಹಗುರ ಆಯ್ತು ಕಣೇ. ಹೆದರಿಕೆಗೇ ಅಂದಿದ್ದು. ಆದ್ರೆ ಅಂದ ಮೇಲೆ, ಅಬ್ಬಾ, ಈ ಮನೇಲಿ ನಾವಿಬ್ರೇ ಇದ್ದಿದ್ರೆ ಹೆಂಗಿರ್ತಿತ್ತು ಅನ್ನಿಸ್‌ಬುಡ್ತು. ಅದನ್ನ ಇಟ್ಕೊಂಡು ಅವರ ಮುಂದೆ ಹೋಗಿ, ಹೆದರಿಕೆಗೆ ಹೇಳ್ದೆ ಅಂತ ಹೆಂಗೆ ಹೇಳ್ಲಿ? ಪೂರ್ತಿ ನಿಜ ಅಲ್ಲವಲ್ಲ."

ಹಾಲು ಉಕ್ಕಿತು. ನಾನು ನೋಡುತ್ತಲೇ ಇದ್ದೆ. ಇಷ್ಟು ವರ್ಷ ನಮ್ಮಮ್ಮನನ್ನು ನಾನು ಒಬ್ಬ ಸಿಡುಕಿ ಎಂದಷ್ಟೇ ತಿಳಿದಿದ್ದೆ. ಅವಳ ಒಳಗೆ ಇಷ್ಟು ನಿಷ್ಠುರವಾದ ತಕ್ಕಡಿಯೊಂದು ಇದೆಯೆಂದು ಅವತ್ತೇ ತಿಳಿದದ್ದು. ಒಲೆ ಆರಿಸಿ, "ಈಗ ಹೆಂಗನ್ನಿಸ್ತಿದೆ?" ಎಂದು ಕೇಳಿದೆ.

"ಸೂಟ್‌ಕೇಸು ಬಿಸಿಲಲ್ಲಿ ಇಟ್ಟಾಗಿಂದ ನಿದ್ದೆ ಬಂದಿಲ್ಲ," ಎಂದಳು. "ಸೀರೆ ಉಡು. ಆಫೀಸಿಗೆ ರಜೆ ಹಾಕು. ಅವರನ್ನೂ ಹೊರಡಕ್ಕೆ ಹೇಳು. ನಾನು ಹೇಳಿದೆ ಅಂತ ಹೇಳು."

ಅಮ್ಮನೇ ಕರೆದಳೆಂದಾಗ ಅತ್ತೆ ಪಾಸ್‌ಪೋರ್ಟಿನ ಚೀಲ ಹಿಡಿದು ಬಂದರು. ಮಾನಂದವಾಡಿ ರಸ್ತೆಯಲ್ಲಿ ಬಸ್ಸಿಗೆ ನಿಂತೆವು. ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತು ಎರಡು ಕಡೆ ನೋಡುತ್ತಿದ್ದರು.

ಕಚೇರಿಯ ಇನ್‌ಸ್ಪೆಕ್ಟರ್ ಮಧ್ಯವಯಸ್ಸಿನವರು, ಮೆಲುದನಿಯ ಮನುಷ್ಯ. ಮುಂದಿದ್ದ ಕಡತ ತೆರೆದು, ಅಮ್ಮನ ರುಜು ಇದ್ದ ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಅದರ ಮೂಲೆಯಲ್ಲಿ ಎಣ್ಣೆಯ ಕಲೆ ಒಂದಿತ್ತು. ಕಾಯಿತುರಿಯದು.

"ಯಾರಮ್ಮ ಈ ಸೈನ್ ಹಾಕಿದ್ದು?"

"ನಾನೇ ಸಾರ್. ಅದರಲ್ಲಿ ಬರ್ದಿರೋದು ಸುಳ್ಳು."

"ವಿಚಾರಣೆಗೆ ಬಂದೋರಿಗೆ ಸುಳ್ಳು ಬರ್ದುಕೊಟ್ರೆ ನಿಮ್ಮ ಮೇಲೆ ಕೇಸ್ ಹಾಕಬಹುದು. ಗೊತ್ತಾ?"

ಅಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು. "ಸರ್, ಪ್ಲೀಸ್, ಅವಳನ್ನು ಬಿಟ್ಟುಬಿಡಿ, ನಾನು ಹೊರಟುಹೋಗ್ತೀನಿ," ಎಂದು ಎದ್ದರು. ಇನ್‌ಸ್ಪೆಕ್ಟರ್ ಕೂತುಕೊಳ್ಳಿ ಎಂದು ಕೈ ಮಾಡಿದರು.

"ಯಾಕಮ್ಮ ಸುಳ್ಳು ಹೇಳಿದ್ರಿ?"

"ಪೊಲೀಸ್ನೋರು ಯಾರನ್ನ ಕೇಳಿದ್ರೂ ಮೊದ್ಲು ಇಲ್ಲ ಅನ್ಬೇಕು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ರು ಸಾರ್."

ಪಕ್ಕದ ಮೇಜಿನ ಗುಮಾಸ್ತರು ನಕ್ಕುಬಿಟ್ಟರು. ಇನ್‌ಸ್ಪೆಕ್ಟರ್ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಅಮ್ಮನನ್ನು ನೋಡುತ್ತ ಹೇಳಿದರು. "ನೋಡಿ, ನಿಮ್ಮ ಯಜಮಾನರು ಈಗಿಲ್ಲ. ಇವರನ್ನ ನಿಮ್ಮ ಮನೇಲಿ ಇಟ್ಕೊಳ್ಳೇಬೇಕು ಅಂತ ಯಾವ ಬಲವಂತಾನೂ ಇಲ್ಲ. ಬೇಡ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ, ತಪ್ಪೇನಿಲ್ಲ. ಇವರು ನಿಮ್ಮನೇಲಿರೋದು ನಿಮಗೆ ಒಪ್ಪಿಗೇನಾ?"

ಅತ್ತೆ ನೆಲ ನೋಡುತ್ತಿದ್ದರು. ಹೂಂ ಅನ್ನಮ್ಮ, ಹೂಂ ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಕಿರುಚುತ್ತಿದ್ದೆ. ಅವಳು ಬೇಕೆಂದೇ ತೂಗುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಈ ಸಲ ಪೂರ್ತಿ ನಿಜವನ್ನೇ ಹೇಳುವ ಹಟ ಅವಳಿಗೆ.

"ಅವರಿಗೆ ನನ್ನ ಕಾಫಿ ಆಗಲ್ಲ, ನನಗೆ ಅವರ ಥ್ಯಾಂಕ್ಸ್ ಆಗಲ್ಲ," ಎಂದಳು ಕೊನೆಗೆ. "ಒಂದೊಂದ್ಸಲ ಸಾಕಾಗ್‌ಬುಡತ್ತೆ. ಆದ್ರೆ ಈ ಐದು ದಿನ ಅವರು ಹೋಗ್‌ಬುಡ್ತಾರೆ ಅಂತ ನಾನು ಅನ್ನ ತಿಂದಿಲ್ಲ ಸಾರ್. ಅವರು ಇರೋದು ನಮ್ಮನೇಲೇ. ಬರ್ಕೊಳ್ಳಿ."

ಗುಮಾಸ್ತರು ಹೇಳಿಕೊಟ್ಟ ಹಾಗೆ ಅಮ್ಮ ತನ್ನ ಕೈಯಾರೆ ಬರೆದಳು. ಮೇಲ್ಕಂಡ ವಿದೇಶಿ ಪ್ರಜೆ ಎಂದು ಬರೆಯುವಲ್ಲಿ ಪೆನ್ನು ನಿಂತಿತು. "ನನ್ನ ಗಂಡನ ಅಕ್ಕ ಅಂತ ಬರೆದ್ರೆ ಸಾಲ್ದಾ?" ಎಂದಳು. ಎರಡೂ ಬರೀರಿ ಎಂದರು. ಎರಡೂ ಬರೆದಳು. ಎಷ್ಟು ಕಾಲ ಜವಾಬ್ದಾರಿ ಎಂಬ ಸಾಲು ಬಂತು.

"ಎಷ್ಟು ಕಾಲ ಅಂದ್ರೆ?" ಎಂದಳು ಅಮ್ಮ. "ಮಣ್ಣು ಮಾಡೋತನಕ."

"ಹಾಗೆಲ್ಲ ಬರೆಯಕ್ಕೆ ಬರಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಆಗ ಅವರ ಮುಖದಲ್ಲೂ ನಗು ಇತ್ತು. "ಒಂದು ವರ್ಷ ಅಂತ ಬರೀರಿ. ನಾವು ಒಂದೊಂದೇ ವರ್ಷ ಕೊಡೋದು."

ಇಷ್ಟಕ್ಕೇ ಮುಗಿಯಲಿಲ್ಲ. ಮತ್ತೆ ವಿಚಾರಣೆಗೆ ಅದೇ ಕಾನ್‌ಸ್ಟೇಬಲ್ ಬರಬೇಕು, ವರದಿ ಹೋಗಬೇಕು, ಮೊಹರು ಬೀಳಬೇಕು, ಅಷ್ಟರಲ್ಲಿ ಅವಧಿ ಮುಗಿಯಬಾರದು. ಸೂಟ್‌ಕೇಸು ಹಾಲಿನಲ್ಲೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಗೇಟಿನ ಸದ್ದಾದರೆ ಮೂವರೂ ಏಳುತ್ತಿದ್ದೆವು. ಕಾನ್‌ಸ್ಟೇಬಲ್ ಬಂದ ದಿನ ಅಮ್ಮ ಬೀದಿಗೆಲ್ಲ ಕೇಳುವ ಹಾಗೆ, "ಬನ್ನಿ ಬನ್ನಿ, ಇದಾರೆ, ಒಳಗೇ ಇದಾರೆ, ನೋಡ್ಕೊಂಡೇ ಹೋಗಿ," ಎಂದಳು. ಪಕ್ಕದ ಮನೆಯಾಕೆ ಪೊರಕೆಯನ್ನೂ ಬಿಟ್ಟು ಬಂದರು. ಅನುಮತಿ ಕೈಗೆ ಬಂದದ್ದು ಅವಧಿ ಮುಗಿಯಲು ಒಂದು ದಿನ ಇರುವಾಗ.

ಅವತ್ತು ಸಂಜೆ ಅಮ್ಮ ಸಕ್ಕರೆ ಕಡಿಮೆ ಹಾಕಿ ಕಾಫಿ ತಂದು ಅತ್ತೆಯ ಕೈಗಿಟ್ಟಳು. ಅತ್ತೆ ಅಭ್ಯಾಸಬಲದಿಂದ ಬಾಯಿ ತೆರೆದರು. ಅಮ್ಮನ ಮುಖ ನೋಡಿದರು. ಏನೂ ಹೇಳದೆ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟರು. ಸೂಟ್‌ಕೇಸನ್ನು ನಾನು ಅಟ್ಟಕ್ಕೆ ಸೇರಿಸಿದೆ.

ಆಮೇಲೆ ಪ್ರತಿ ವರ್ಷವೂ ಆ ಕೆಲಸ ಅಮ್ಮನದೇ ಆಯಿತು. ಭಾರತದ ಮೂಲದವರಿಗೆಂದು ಒಂದು ಕಾರ್ಡು ಬಂದಿದೆ, ಅದಿದ್ದರೆ ಈ ಓಡಾಟ ತಪ್ಪುತ್ತದೆ ಎಂದು ಯಾರೋ ಹೇಳಿದರು. ಅತ್ತೆ, "ಇನ್ನೊಂದು ಅರ್ಜಿ ಹಾಕೋ ಶಕ್ತಿ ಇಲ್ಲಮ್ಮ ನನಗೆ," ಎಂದುಬಿಟ್ಟರು. ಹೀಗಾಗಿ ಅವಧಿ ಮುಗಿಯುವ ಎರಡು ತಿಂಗಳು ಮೊದಲು ಅಮ್ಮ ಅತ್ತೆಯನ್ನು ಹೊರಡಿಸಿಕೊಂಡು ಹೋಗುವಳು. ನನಗೆ ಮದುವೆಯಾಗಿ ಹಿನಕಲ್ಲಿಗೆ ಹೋದ ಮೇಲೆಯೂ ಫೋನಿನಲ್ಲಿ ಅವಳು ಹೇಳುವ ಮೊದಲ ಸುದ್ದಿ, ಈ ವರ್ಷದ್ದು ಆಯ್ತು ಕಣೇ ಎಂಬುದು. ಇಬ್ಬರ ಜಗಳಗಳೂ ನಿಲ್ಲಲಿಲ್ಲ. ಮಸಿಬಟ್ಟೆಯ ವಿಷಯ ಕೊನೆಯ ತನಕ ಇತ್ಯರ್ಥವಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಅತ್ತೆಗೆ ನ್ಯುಮೋನಿಯಾ ಆಯಿತು, ಒಂದೇ ವಾರ. ತಾವೇ ನಾಡಿ ಹಿಡಿದು ನೋಡಿಕೊಂಡು, ಇನ್ನು ಆಸ್ಪತ್ರೆ ಬೇಡ ಎಂದರು. ಅವರು ಕೇಳಿಕೊಂಡಿದ್ದ ಹಾಗೆ, ಅಪ್ಪನಿಂದ ಎರಡು ಗದ್ದಿಗೆಯಾಚೆ, ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದೆವು. ಅಮ್ಮ ಹಿಡಿ ಮಣ್ಣು ಹಾಕಿದವಳು ಅಳಲಿಲ್ಲ. ಕಾರ್ಯಗಳೆಲ್ಲ ಮುಗಿಯುವ ತನಕವೂ ಅಳಲಿಲ್ಲ.

ಪಾಸ್‌ಪೋರ್ಟನ್ನೂ ಅನುಮತಿಯ ಪುಸ್ತಕವನ್ನೂ ಕಚೇರಿಗೆ ಒಪ್ಪಿಸಬೇಕೆಂದರು. ಅದಕ್ಕಾಗಿ ನಾನು ಶ್ರೀರಾಂಪುರಕ್ಕೆ ಹೋದೆ. ಅಮ್ಮ ಹಾಲಿನಲ್ಲಿ ಕೂತು ಅತ್ತೆಯ ಕನ್ನಡಕ ಹಾಕಿಕೊಂಡು ಪುಸ್ತಕದ ಪುಟಗಳನ್ನು ತಿರುವುತ್ತಿದ್ದಳು. ಒಂದೊಂದು ವರ್ಷಕ್ಕೆ ಒಂದೊಂದು ಮೊಹರು. ಕೊನೆಯದರ ಮೇಲೆ ಬೆರಳಿಟ್ಟು, ತಿಂಗಳುಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ನನ್ನ ಕಡೆ ತಿರುಗಿದಳು.

"ಇನ್ನೂ ಎಂಟು ತಿಂಗ್ಳು ಇರಿ ಅಂತ ಬರ್ದಿದಾರಲ್ಲೇ ಅವ್ರು," ಎಂದವಳು ಪುಸ್ತಕವನ್ನು ಎದೆಗೊತ್ತಿಕೊಂಡು ಅಳತೊಡಗಿದಳು.